ಒಂದೇ ಊರು, ನಾಲ್ಕು ಕಾಲ

ಹಳೆಯ ಕನ್ಸೋಲ್ ಆಟಗಳ ಕುರಿತ ನಮ್ಮ ಕಳೆದ ಸಂಚಿಕೆಯ ಪಟ್ಟಿಯಲ್ಲಿ ಸೋನಿಕ್ ಎಂಬ ವೇಗದ ಹೆಡ್ಜ್‌ಹಾಗ್ ನಾಯಕನಾಗಿರುವ ‘ಸೋನಿಕ್ ಸಿಡಿ’ಗೆ ಜಾಗ ಕೊಟ್ಟದ್ದನ್ನು ಶಿವಮೊಗ್ಗದ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. ಮೊಬೈಲಿನಲ್ಲಿ ಆಟವನ್ನು ಪೂರ್ತಿ ಮುಗಿಸಿ ಬರೆದ ಅವರ ಪತ್ರದ ಸಾರ ಹೀಗಿದೆ: ‘ಕಾಲಪ್ರಯಾಣವೇ ಆಟದ ಹೆಗ್ಗಳಿಕೆ ಎನ್ನುತ್ತೀರಿ. ನಾನು ಒಮ್ಮೆಯೂ ಕಾಲ ಬದಲಿಸದೆ ಕೊನೆ ಮುಟ್ಟಿದೆ. ಬದಲಿಸಲು ಹೋದಾಗಲೆಲ್ಲ ಯಾವುದೋ ಸ್ಪ್ರಿಂಗ್ ನನ್ನನ್ನು ಹಿಂದಕ್ಕೆ ಎಸೆಯಿತು. ಚಂದದ ಚಿತ್ರ, ಚಂದದ ಹಾಡು ಇದ್ದರೆ ಸಾಕೇ? ಇದು ಬರಿಯ ಅಲಂಕಾರವಲ್ಲವೇ?’

ಪ್ರಿಯ ಓದುಗರೇ,

ಸ್ಪ್ರಿಂಗಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದನ್ನು ಮುಚ್ಚಿಟ್ಟು ಈ ಆಟವನ್ನು ಹೊಗಳುವುದು ನನ್ನಿಂದಾಗದು. ‘ಪಾಸ್ಟ್’ ಅಥವಾ ‘ಫ್ಯೂಚರ್’ ಎಂದು ಬರೆದ ಕಂಬವನ್ನು ದಾಟಿದ ಮೇಲೆ ಕೆಲವು ಸೆಕೆಂಡು ಎಲ್ಲೂ ತಡೆಯದೆ ಪೂರ್ಣ ವೇಗದಲ್ಲಿ ಓಡಬೇಕು. ಬೆನ್ನ ಹಿಂದೆ ಕಿಡಿಗಳು ಏಳುತ್ತವೆ, ಆಮೇಲೆ ಕಾಲ ಬದಲಾಗುತ್ತದೆ. ನಡುವೆ ಗೋಡೆಗೆ ಡಿಕ್ಕಿ ಹೊಡೆದರೆ ಅವಕಾಶ ಕೈತಪ್ಪುತ್ತದೆ, ಇನ್ನೊಂದು ಕಂಬ ಹುಡುಕಬೇಕು. ಇಷ್ಟು ಓಟವನ್ನು ಕೇಳುವ ಆಟ ಓಡುವುದಕ್ಕೆ ನೇರವಾದ ದಾರಿಯನ್ನೇ ಕೊಡುವುದಿಲ್ಲ. ‘ಕೊಲಿಷನ್ ಕೇಯಾಸ್’ ಎಂಬ ಲೆವೆಲ್‌ನಲ್ಲಿ ಹೆಜ್ಜೆ ಹೆಜ್ಜೆಗೂ ತಾಗಿದವನನ್ನು ಚಿಮ್ಮಿಸುವ ಪಿನ್‌ಬಾಲ್ ಬಂಪರ್‌ಗಳು. ‘ವ್ಯಾಕಿ ವರ್ಕ್‌ಬೆಂಚ್’ನಲ್ಲಿ ನೆಲಕ್ಕೆ ಆಗಾಗ ವಿದ್ಯುತ್ ಹರಿದು ಸೋನಿಕ್ ಚಾವಣಿಯವರೆಗೆ ಚಿಮ್ಮುತ್ತಾನೆ. ಆ ಲೆವೆಲ್ ನನಗೆ ಇಂದಿಗೂ ಹಿಡಿಸಿಲ್ಲ. ಅದನ್ನು ಸಮರ್ಥಿಸುವ ಒಂದು ಮಾತೂ ನನ್ನಲ್ಲಿಲ್ಲ.

ಈ ಜಗ್ಗಾಟ ಹುಟ್ಟಿದ್ದು ಎಲ್ಲಿ ಎಂಬುದು ಮುಖ್ಯ. 1991ರ ಮೊದಲ ಸೋನಿಕ್ ಗೆದ್ದ ಮೇಲೆ ಪ್ರೋಗ್ರಾಮರ್ ಯೂಜಿ ನಾಕಾ ಅಮೆರಿಕದಲ್ಲಿ ಎರಡನೆಯ ಸೋನಿಕ್ ಕಟ್ಟಲು ಕುಳಿತರು. ಅದು 1992ರಲ್ಲಿ ಬಂತು, ವೇಗವೇ ಅದರ ಜೀವ. ಸೋನಿಕ್‌ನ ರೂಪವನ್ನು ಬರೆದ ನಾವೊತೊ ಓಷಿಮಾ ಜಪಾನಿನಲ್ಲೇ ಉಳಿದು ಬೇರೊಂದು ತಂಡದೊಂದಿಗೆ ಸೆಗಾ ಕಂಪನಿಯ ಮೆಗಾ-ಸಿಡಿ ಯಂತ್ರಕ್ಕಾಗಿ ಈ ಆಟವನ್ನು ನಿರ್ದೇಶಿಸಿದರು. ಅದು ಬಿಡುಗಡೆಯಾದದ್ದು 1993ರಲ್ಲಿ. ಚಿತ್ರಕಾರನ ಕೈ ಇದರಲ್ಲಿ ಎದ್ದು ಕಾಣುತ್ತದೆ. ಲೆವೆಲ್‌ಗಳು ಮುಂದಕ್ಕೆ ಓಡಿಸುವುದಕ್ಕಿಂತ ಹೆಚ್ಚಾಗಿ ಮೇಲೆ, ಕೆಳಗೆ, ಹಿಂದಕ್ಕೆ ಅಲೆಯಲು ಬಿಡುತ್ತವೆ. ಅಲೆದಾಡಲು ಕಟ್ಟಿದ ಊರಿನಲ್ಲಿ ಓಡಿದವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ದೋಷ ಇರುವುದು ಇಲ್ಲಿ, ಮತ್ತು ಅದು ಸಣ್ಣ ದೋಷವಲ್ಲ.

ಆದರೆ ಅಲಂಕಾರ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಲಿಟಲ್ ಪ್ಲಾನೆಟ್ ಎಂಬ ಗ್ರಹವನ್ನು ಆಟದ ಖಳನಾಯಕ ಎಗ್‌ಮನ್ ಸರಪಳಿ ಬಿಗಿದು ಹಿಡಿದಿದ್ದಾನೆ. ಅಲ್ಲಿರುವ ಏಳು ಲೋಕಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ರೂಪಗಳಿವೆ: ಭೂತ, ವರ್ತಮಾನ, ಕೆಟ್ಟ ಭವಿಷ್ಯ, ಒಳ್ಳೆಯ ಭವಿಷ್ಯ. ಬಣ್ಣ ಬದಲಿಸಿ ಕೈತೊಳೆದುಕೊಂಡ ಕೆಲಸ ಇದಲ್ಲ. ಕೆಟ್ಟ ಭವಿಷ್ಯದಲ್ಲಿ ಯಂತ್ರಗಳು ನೆಲವನ್ನೇ ನುಂಗಿವೆ. ಒಳ್ಳೆಯ ಭವಿಷ್ಯದಲ್ಲಿಯೂ ಯಂತ್ರಗಳಿವೆ, ಆದರೆ ಗಿಡಮರಗಳ ಜೊತೆ ಹೊಂದಿಕೊಂಡು ನಿಂತಿವೆ. ಶತ್ರು ರೋಬೋಟ್‌ಗಳೂ ಕಾಲ ಕಳೆದಂತೆ ಸವೆದು, ಸೊಟ್ಟಗಾಗಿ, ಮೊದಲಿನ ಚುರುಕು ಕಳೆದುಕೊಳ್ಳುತ್ತವೆ. ಆಟಗಾರ ಒಂದು ಕ್ಷಣ ಕಂಡು ಮುಂದೆ ಹೋಗುವ ಪುಟ್ಟ ರೋಬೋಟಿಗೂ ಮುಪ್ಪನ್ನು ಚಿತ್ರಿಸಿದ ಆ ಕಲಾವಿದರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ.

ಒಳ್ಳೆಯ ಭವಿಷ್ಯ ತಾನಾಗಿ ಬರುವುದಿಲ್ಲ. ಪ್ರತಿ ಲೋಕದ ಮೊದಲ ಎರಡು ಭಾಗಗಳಲ್ಲಿ ಭೂತಕಾಲಕ್ಕೆ ಹೋಗಿ, ಅಲ್ಲಿ ಅಡಗಿರುವ ರೋಬೋಟ್ ಹುಟ್ಟಿಸುವ ಯಂತ್ರವನ್ನು ಒಡೆಯಬೇಕು. ಹಾಗೆ ಮಾಡಿದರೆ ಮೂರನೆಯ ಭಾಗ ಹೂಬಿಟ್ಟ ನೆಲವಾಗಿ ಎದುರಾಗುತ್ತದೆ, ಇಲ್ಲವಾದರೆ ಹಾಳೂರು. ವಿಶೇಷ ಹಂತಗಳಲ್ಲಿ ಏಳು ಕಾಲಶಿಲೆಗಳನ್ನು ಗೆದ್ದರೂ ಭವಿಷ್ಯ ಸರಿಹೋಗುತ್ತದೆ, ಅದು ಅಡ್ಡದಾರಿ. ನೀವು ಕಾಲ ಬದಲಿಸದೆ ಮುಗಿಸಿದಿರಲ್ಲ, ಕಾಲಶಿಲೆಗಳನ್ನೂ ಗೆದ್ದಿರದಿದ್ದರೆ ಆ ಓಟದಲ್ಲಿ ನೀವು ಪ್ರತಿ ಲೋಕದ ಮೂರನೆಯ ಭಾಗವನ್ನೂ ಕೆಟ್ಟ ಭವಿಷ್ಯದಲ್ಲೇ ದಾಟಿದ್ದೀರಿ. ಅದೇ ಜಾಗ ಇನ್ನೊಂದು ಬಗೆಯಲ್ಲಿ ಬದುಕಿ ಉಳಿಯಬಹುದಿತ್ತು ಎಂಬುದು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ತನ್ನ ಅತ್ಯಂತ ಚಂದದ ಭಾಗವನ್ನು ಇಷ್ಟು ಕಷ್ಟದ ಹಿಂದೆ ಅಡಗಿಸಿಟ್ಟದ್ದು ಆಟದ ತಪ್ಪು, ನಿಮ್ಮದಲ್ಲ.

ಭೂತಕಾಲದಲ್ಲಿ ಮೆಟಲ್ ಸೋನಿಕ್‌ನ (ಸೋನಿಕ್‌ನನ್ನೇ ಹೋಲುವ ಎಗ್‌ಮನ್‌ನ ರೋಬೋಟ್) ನೆರಳುಚಿತ್ರ ಬಿಂಬಿಸುವ ಯಂತ್ರವೂ ಒಂದಿರುತ್ತದೆ. ಆ ಚಿತ್ರದಲ್ಲಿ ಅವನು ಪುಟ್ಟ ಪ್ರಾಣಿಯೊಂದನ್ನು ಹಿಂಸಿಸುತ್ತಿರುತ್ತಾನೆ. ಅದನ್ನು ಒಡೆಯಲೇಬೇಕೆಂಬ ನಿಯಮವಿಲ್ಲ. ನಾನಂತೂ ಕಂಡಲ್ಲೆಲ್ಲ ಒಡೆಯುತ್ತೇನೆ.

ಇನ್ನು ಹಾಡು. ಜಪಾನಿನ ಆವೃತ್ತಿಗೆ ನಾವೊಫುಮಿ ಹತಾಯಾ ಮತ್ತು ಮಸಾಫುಮಿ ಒಗಾತಾ ಸಂಗೀತ ಮಾಡಿದ್ದರು. ಉತ್ತರ ಅಮೆರಿಕದಲ್ಲಿ ಅದನ್ನು ತೆಗೆದು ಸ್ಪೆನ್ಸರ್ ನಿಲ್ಸನ್ ತಂಡದ ಸಂಗೀತ ಹಾಕಿದರು. ವರ್ತಮಾನ ಮತ್ತು ಭವಿಷ್ಯದ ಹಾಡುಗಳು ಸಿಡಿಯಿಂದ ನೇರವಾಗಿ ನುಡಿಯುವ ಧ್ವನಿಮುದ್ರಣಗಳಾದ್ದರಿಂದ ಬದಲಿಸುವುದು ಸುಲಭವಿತ್ತು. ಭೂತಕಾಲದ ಹಾಡುಗಳು ಮಾತ್ರ ಯಂತ್ರದ ಧ್ವನಿ ಚಿಪ್ಪಿನಿಂದ ಬರುವಂಥವು, ಆಟದೊಳಗೇ ಹೆಣೆದುಕೊಂಡಿದ್ದವು, ಹಾಗಾಗಿ ಅವು ಉಳಿದುಕೊಂಡವು. ಹೀಗಾಗಿ ಅಮೆರಿಕದ ಆಟಗಾರ ಹಿಂದಿನ ಕಾಲಕ್ಕೆ ಜಿಗಿದಾಗ ಸಂಗೀತಗಾರರೇ ಬದಲಾಗುತ್ತಿದ್ದರು. ನೀವು ಆಡಿದ ಮೊಬೈಲ್ ಆವೃತ್ತಿ ಕ್ರಿಶ್ಚಿಯನ್ ವೈಟ್‌ಹೆಡ್ 2011ರಲ್ಲಿ ಹೊಸದಾಗಿ ಕಟ್ಟಿದ್ದು. ಅದರಲ್ಲಿ ಎರಡೂ ಸಂಗೀತಗಳಿವೆ. ಸೆಟ್ಟಿಂಗ್ಸ್‌ಗೆ ಹೋಗಿ ಜಪಾನಿನದನ್ನು ಆರಿಸಿ. ನಿಲ್ಸನ್ ತಂಡದ ಕೆಲಸ ಕೆಟ್ಟದ್ದಲ್ಲ, ಆದರೆ ಭೂತದಿಂದ ಭವಿಷ್ಯದವರೆಗೆ ಒಂದೇ ರಾಗ ನಾಲ್ಕು ಬಗೆಯಲ್ಲಿ ಬೆಳೆಯುವುದನ್ನು ಕೇಳಬೇಕಾದರೆ ಜಪಾನಿನದೇ ಬೇಕು. ಮೊದಲು ‘ಸ್ಟಾರ್‌ಡಸ್ಟ್ ಸ್ಪೀಡ್‌ವೇ’ ಲೋಕದ ಹಾಡು ಕೇಳಿ. ಮೆಟಲ್ ಸೋನಿಕ್ ಜೊತೆಗಿನ ಓಟದ ಪಂದ್ಯ ನಡೆಯುವುದೂ ಅಲ್ಲೇ, ಅದನ್ನು ನೀವು ಪತ್ರದಲ್ಲಿ ಹೆಸರಿಸದಿದ್ದದ್ದು ನನಗೆ ಅಚ್ಚರಿಯೆನಿಸಿತು.

ನನ್ನ ಕೋರಿಕೆ ಒಂದು. ಇಡೀ ಆಟವನ್ನು ಮತ್ತೆ ಆಡಬೇಡಿ. ಮೊದಲ ಲೋಕ ‘ಪಾಮ್‌ಟ್ರೀ ಪ್ಯಾನಿಕ್’ ಮಾತ್ರ ಸಾಕು. ಮೇಲ್ಮುಖ ಬಾಣವನ್ನೂ ಜಿಗಿತದ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದು ಬಿಟ್ಟರೆ ನಿಂತಲ್ಲಿಂದಲೇ ಪೂರ್ಣ ವೇಗ ಸಿಗುತ್ತದೆ. ಕಂಬ ದಾಟಿದ ಮೇಲೆ ಅವಸರ ಮಾಡದೆ, ಮುಂದೆ ಅಡೆತಡೆಯಿಲ್ಲದ ನೆಲ ಸಿಕ್ಕಾಗ ಇದನ್ನು ಬಳಸಿ. ಎರಡೂ ಭಾಗಗಳ ಯಂತ್ರಗಳನ್ನು ಒಡೆದು ಮೂರನೆಯದಕ್ಕೆ ಕಾಲಿಡಿ, ನೀವು ಈಗಾಗಲೇ ಕಂಡಿರುವ ಹಾಳೂರಿನ ಜೊತೆ ಹೋಲಿಸಿ ನೋಡಿ. ಅದಾದ ಮೇಲೂ ಇದು ಬರಿಯ ಅಲಂಕಾರ ಎನಿಸಿದರೆ ದಯವಿಟ್ಟು ಇನ್ನೊಂದು ಪತ್ರ ಬರೆಯಿರಿ, ಅದನ್ನು ಒಂದಕ್ಷರವೂ ಬಿಡದೆ ಅಚ್ಚು ಹಾಕುತ್ತೇವೆ.

– ಸಂಪಾದಕ