ಇಲಿ ಹತ್ತಲಾಗದ ಡಬ್ಬಿ ಹುಡುಕಬೇಡಿ, ಕಾಳು ಹಾಕುವ ಹೊತ್ತು ಬದಲಿಸಿ

ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದೀರಿ, ಈಗ ಇಲಿ ಬರುತ್ತಿವೆ, ಇಲಿ ಹತ್ತಲಾಗದ ಕಾಳಿನ ಡಬ್ಬಿ ಯಾವುದು ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಒಂದಾದ ಮೇಲೊಂದು ಮೂರು ಡಬ್ಬಿ ಕೊಂಡೆ.

ಮೊದಲ ಸುಳಿವು ಸಿಕ್ಕಿದ್ದು ಗೋಡೆಯ ಬುಡದಲ್ಲಿ. ನೆಲದಿಂದ ಎರಡು ಬೆರಳು ಮೇಲೆ ಕಪ್ಪಗೆ ಒಂದು ಜಿಡ್ಡಿನ ಗೆರೆ. ಸೋಪು ಹಾಕಿ ಉಜ್ಜಿದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಮೂಡಿತು. ಇಲಿಗಳು ಬಯಲಲ್ಲಿ ಓಡಾಡೋಕೆ ಹೆದರುತ್ತವೆ. ಗೋಡೆಗೆ ಮೈ ತಾಗಿಸಿಕೊಂಡು ದಿನಾ ಒಂದೇ ದಾರಿಯಲ್ಲಿ ಹೋಗುತ್ತವೆ. ಆ ಗೆರೆ ಅವುಗಳ ಮೈಯ ಜಿಡ್ಡು. ಇದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಡಬ್ಬಿಯನ್ನು ಮರದ ಕೊಂಬೆಗೆ ನೇತುಹಾಕಿದ್ದೆ. ಕೊಂಬೆಯಿಂದ ತಂತಿ ಹಿಡಿದು ಇಳಿದುಬಂದವು. ಎರಡನೆಯದನ್ನು ಗೋಡೆಯ ಕೊಕ್ಕೆಗೆ ಹಾಕಿದೆ. ಅದು ಪ್ಲಾಸ್ಟಿಕ್, ಬಾಯಿಯನ್ನೇ ಕಡಿದು ದೊಡ್ಡದು ಮಾಡಿದವು. ಮೂರನೆಯದಕ್ಕೆ ಆಳೆತ್ತರದ ನುಣ್ಣನೆ ಕಬ್ಬಿಣದ ಕಂಬ ನೆಟ್ಟು, ಇಲಿ ಹತ್ತಿ ದಾಟದಂತೆ ನಡುವೆ ತಗಡಿನ ಶಂಕು ಬೋರಲು ಹಾಕಿದೆ. ಗೋಡೆ, ಮರ ಎಲ್ಲದರಿಂದ ಎಂಟು ಹತ್ತು ಅಡಿ ದೂರ. ಇಲಿ ನಿಂತಲ್ಲಿಂದಲೇ ಎರಡು ಅಡಿಗಿಂತ ಮೇಲಕ್ಕೆ ನೆಗೆಯುತ್ತದೆ, ಹಾಗಾಗಿ ಶಂಕು ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ಈ ಡಬ್ಬಿಯನ್ನು ಒಂದು ಇಲಿಯೂ ಮುಟ್ಟಲಿಲ್ಲ. ಆದರೂ ಹಿತ್ತಲಲ್ಲಿ ಇಲಿ ಜಾಸ್ತಿಯೇ ಆದವು.

ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿಯಿಂದ ಟಾರ್ಚ್ ಬಿಟ್ಟೆ. ಕಂಬದ ಕೆಳಗೆ ಐದು ಇಲಿ. ಅದರಲ್ಲೊಂದು ಹಿಂಗಾಲುಗಳ ಮೇಲೆ ಕೂತು, ಮುಂಗೈ ಎರಡರಲ್ಲೂ ಸೂರ್ಯಕಾಂತಿ ಬೀಜ ಹಿಡಿದು ಸಿಪ್ಪೆ ಬಿಡಿಸುತ್ತಿತ್ತು. ಬೆಳಕು ಬಿದ್ದರೂ ತಿನ್ನೋದು ನಿಲ್ಲಿಸಲಿಲ್ಲ. ಅಷ್ಟು ಅಭ್ಯಾಸವಾಗಿತ್ತು.

ನನ್ನ ತಪ್ಪು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿರಬಹುದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿ. ಹಾಗಾಗಿ ಸಂಜೆ ಏಳಕ್ಕೆ ಮನೆಗೆ ಬಂದ ಮೇಲೆ ಡಬ್ಬಿ ತುಂಬಿಸುತ್ತಿದ್ದೆ. ಪಾರಿವಾಳಗಳು ನೆಲದ ಮೇಲೇ ಮೇಯುತ್ತವಲ್ವಾ, ಅವಕ್ಕೆ ಅಂತ ಎರಡು ಹಿಡಿ ಕಾಳು ಕೆಳಗೂ ಎರಚುತ್ತಿದ್ದೆ. ಬೆಳಕು ಹರಿಯುವಾಗ ಹಕ್ಕಿಗಳಿಗೆ ಊಟ ರೆಡಿ ಇರಲಿ ಅಂತ ಆಸೆ. ಆದರೆ ಆ ಹೊತ್ತಿಗೆ ಹಕ್ಕಿಗಳೆಲ್ಲ ಗೂಡು ಸೇರಿರುತ್ತವೆ. ಆಮೇಲೆ ಹತ್ತು ಹನ್ನೊಂದು ಗಂಟೆ ಒಂದು ಕೊಕ್ಕೂ ಆ ಕಾಳಿನ ಹತ್ತಿರ ಬರೋದಿಲ್ಲ. ಇಲಿ ಬಿಲ ಬಿಟ್ಟು ಹೊರಬರೋದೇ ಕತ್ತಲಾದ ಮೇಲೆ. ಅಂದರೆ ದಿನಾ ಸರಿಯಾಗಿ ಇಲಿಗಳ ಊಟದ ಹೊತ್ತಿಗೆ, ಅವು ತಿನ್ನುವ ಜಾಗದಲ್ಲಿ, ನಾನೇ ಬಡಿಸುತ್ತಿದ್ದೆ. ಡಬ್ಬಿ ಎಷ್ಟು ಗಟ್ಟಿಯಿದ್ದರೇನು? ಹಗಲು ಗುಬ್ಬಿಗಳು ಬೇಡದ ಕಾಳನ್ನು ಕೊಕ್ಕಿನಿಂದ ತಳ್ಳಿ ಉದುರಿಸಿದ್ದೂ ಅಲ್ಲೇ ಬಿದ್ದಿರುತ್ತಿತ್ತು. ಆರು ತಿಂಗಳು ನಾನು ಮೇಲೆ ನೋಡಿದೆ, ನೆಲ ನೋಡಲಿಲ್ಲ. ಹೆಣ್ಣಿಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಎಂಟು ಹತ್ತು ಮರಿ. ಆರು ತಿಂಗಳು ಅಂದರೆ ಎಷ್ಟಾಯಿತು ಲೆಕ್ಕ ಹಾಕಿ. ಕೊನೆಗೆ ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಗೂ ನುಗ್ಗಿದವು. ಅವರು ಬೈಯಲಿಲ್ಲ, "ನೀನು ಪಾಪ ಹಕ್ಕಿಗೆ ಅಂತ ಹಾಕ್ತೀಯಮ್ಮಾ, ಆದ್ರೆ ರಾತ್ರಿ ನಂಗೆ ನಿದ್ದೆ ಇಲ್ಲ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮರುದಿನವೇ ಕಾಳು ಪೂರ್ತಿ ನಿಲ್ಲಿಸಿದೆ. ಮೂರು ವಾರ. ಹಕ್ಕಿಗಳು ಉಪವಾಸ ಬೀಳುತ್ತವೆ ಅಂತ ಹೆದರಬೇಡಿ, ನಮ್ಮ ಹಿತ್ತಲು ಅವು ದಿನಾ ಸುತ್ತುವ ಹತ್ತಾರು ಜಾಗಗಳಲ್ಲಿ ಒಂದು ಅಷ್ಟೇ. ನೀರಿನ ಬಟ್ಟಲು ಮಾತ್ರ ಹಗಲು ಇಟ್ಟಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಮುಷ್ಟಿ ಹಿಡಿಯುವಷ್ಟು ಬಿಲ ಸಿಕ್ಕಿತು. ಪೇಪರ್ ಮುದ್ದೆ ಮಾಡಿ ಬಾಯಿಗೆ ತುರುಕಿದೆ. ಬೆಳಿಗ್ಗೆ ಹೊರಗೆ ತಳ್ಳಿದ್ದರೆ ಒಳಗೆ ಇಲಿ ಇದೆ ಅಂತ ಅರ್ಥ. ಮೊದಲ ವಾರ ದಿನಾ ತಳ್ಳುತ್ತಿದ್ದವು. ಮೂರನೇ ವಾರ ಪೇಪರ್ ಐದು ದಿನ ಅಲುಗಲಿಲ್ಲ. ಆಮೇಲೆ ಜಲ್ಲಿ ತುಂಬಿ ಮುಚ್ಚಿದೆ.

ಈಗ ಬೆಳಿಗ್ಗೆ ಹದಿನೈದು ನಿಮಿಷ ಬೇಗ ಏಳುತ್ತೇನೆ. ಒಂದೇ ಒಂದು ಹಿಡಿ, ಅದೂ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ. ಮಿಶ್ರ ಕಾಳು ಬೇಡವೇ ಬೇಡ, ಅರ್ಧ ನೆಲಕ್ಕೇ ಹೋಗುತ್ತದೆ. ಹೊರಡುವಷ್ಟರಲ್ಲಿ ಖಾಲಿಯಾಗಿರುತ್ತದೆ, ಕೆಳಗೆ ಗುಡಿಸಿ ಹೋಗುತ್ತೇನೆ. ಉಳಿದರೆ ಮಾರನೇ ದಿನ ಅರ್ಧ ಹಿಡಿ. ನೆಲಕ್ಕೆ ಎರಚೋದು ಬಿಟ್ಟೆ. ಪಾರಿವಾಳ ಕಡಿಮೆಯಾದವು, ಬೇಜಾರಾಯಿತು, ಆದರೂ ಸರಿ. ಕಾಳಿನ ದಾಸ್ತಾನು ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ. ಪ್ಲಾಸ್ಟಿಕ್ ನಂಬಬೇಡಿ, ಬೆರಳು ತೂರುವಷ್ಟು ಸಂದನ್ನೂ ನಂಬಬೇಡಿ. ಚಿಕ್ಕ ಜಾತಿಯ ಇಲಿಗೆ 6 ಮಿಲಿಮೀಟರ್ ಸಂದು ಸಾಕು.

ಕಾಳಿಗೆ ಖಾರದ ಪುಡಿ ಬೆರೆಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಕ್ಕಿಗಳಿಗೆ ಖಾರ ತಿಳಿಯೋದಿಲ್ಲ, ಇಲಿಗೆ ತಿಳಿಯುತ್ತದೆ, ಅದು ನಿಜ. ಆದರೆ ಗಾಳಿಗೆ ಹಾರಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಹಾಕಿ ಸಂಜೆಗೆ ನೆಲ ಖಾಲಿ ಇದ್ದರೆ ಅದರ ಅಗತ್ಯವೇ ಇಲ್ಲ. ವಿಷವನ್ನಂತೂ ಖಂಡಿತ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆ ಹಿಡಿದು ತಿಂದರೆ ಗೂಬೆಯೂ ಸಾಯಬಹುದು. ಹಕ್ಕಿ ಬೇಕು ಅಂತ ತಾನೇ ನೀವು ಇದೆಲ್ಲ ಶುರು ಮಾಡಿದ್ದು?

ಡಬ್ಬಿ ಕೊಳ್ಳುವುದು ಸದ್ಯಕ್ಕೆ ಬಿಡಿ. ನಾಳೆ ಬೆಳಿಗ್ಗೆ ಗೋಡೆಯ ಬುಡದಲ್ಲಿ ಆ ಜಿಡ್ಡಿನ ಗೆರೆ ಇದೆಯಾ ನೋಡಿ, ಸಾಮಾನ್ಯವಾಗಿ ಅದು ಹೋದ ಕಡೆಯೇ ಬಿಲ ಇರುತ್ತದೆ. ಹಿಕ್ಕೆ ಕಂಡರೆ ಒಣಗಿದ್ದಾಗ ಗುಡಿಸಬೇಡಿ, ಧೂಳೆದ್ದು ಉಸಿರಿಗೆ ಸೇರುತ್ತದೆ. ಇಲಿ ಜ್ವರವೂ ಅವುಗಳ ಮೂತ್ರದಿಂದ ಬರುತ್ತದೆ, ಹಾಗಾಗಿ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಫಿನಾಯಿಲ್ ನೀರು ಚಿಮುಕಿಸಿ, ಒದ್ದೆ ಮಾಡಿ ತೆಗೆಯಿರಿ. ಬಿಲ ಎಲ್ಲಿದೆ, ನೀವು ಕಾಳು ಎಷ್ಟು ಹೊತ್ತಿಗೆ ಹಾಕುತ್ತೀರಿ, ಎರಡನ್ನೂ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.