ಆಸೆ ಮೊದಲೇ ಬರಬೇಕಾ?

ಆಕೆಗೆ ಮೂವತ್ತು ದಾಟಿದೆ, ಮದುವೆಯಾಗಿ ಕೆಲವು ವರ್ಷ, ಒಂದು ಮಗು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯಲು ದಂಪತಿ ಇಬ್ಬರೂ ಒಪ್ಪಿದ್ದಾರೆ.

ಮೊದಲ ಸಲ ಲೈಂಗಿಕ ಸಮಸ್ಯೆಯ ಸಲಹೆಗೆ ನನ್ನ ಬಳಿ ಒಬ್ಬರೇ ಬಂದಿದ್ದರು. "ಮೇಡಂ, ನನ್ನಲ್ಲೇ ಏನೋ ದೋಷ ಇದೆ. ನನಗೆ ಆಸೆನೇ ಆಗಲ್ಲ" ಅಂದರು. ಗಂಡ ಜಗಳ ಆಡುವವರಲ್ಲ. ಆದರೆ "ನಿನಗೆ ನನ್ನ ಮೇಲೆ ಪ್ರೀತಿ ಕಮ್ಮಿಯಾಗಿದೆ" ಅಂತ ಒಮ್ಮೆ ಅಂದಿದ್ದರಂತೆ. ಆ ಮಾತು ಆಕೆಯನ್ನು ಕೊರೆಯುತ್ತಿತ್ತು. ಜಾಹೀರಾತು ನೋಡಿ ಯಾವುದೋ ಮಾತ್ರೆಯನ್ನೂ ತರಿಸಿ ನುಂಗಿದ್ದರು.

ಇಂಥ ದೂರು ಬಂದಾಗ ಮೊದಲು ದೇಹದ ವಿಚಾರ ಕೇಳುತ್ತೇನೆ. ಕೂಡುವಾಗ ನೋವಾಗುತ್ತಾ? ಥೈರಾಯ್ಡ್ ತೊಂದರೆ, ರಕ್ತಹೀನತೆ ಇದೆಯಾ? ಖಿನ್ನತೆಗೆ ಮಾತ್ರೆ ತಗೊಳ್ತಿದ್ದೀರಾ? ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಎಷ್ಟೋ ಜನರಲ್ಲಿ ಆಸೆ ತಗ್ಗಿಸುತ್ತವೆ. ಹಾಗಂತ ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಮನೆಯಲ್ಲಿ ಭಯ, ಬಲವಂತ ಇದೆಯಾ ಅನ್ನುವುದನ್ನೂ ಒಬ್ಬರೇ ಇರುವಾಗಲೇ ಕೇಳುತ್ತೇನೆ. ಇವರಿಗೆ ಇದ್ಯಾವುದೂ ಇರಲಿಲ್ಲ. ನಿದ್ದೆ ಮಾತ್ರ ತೀರಾ ಕಮ್ಮಿ.

ಆಮೇಲೆ ಕೇಳಿದೆ: "ಶುರುವಾದ ಮೇಲೆ ಹೇಗಿರುತ್ತೆ?"

ಸ್ವಲ್ಪ ಹೊತ್ತು ಯೋಚಿಸಿದರು. "ಶುರುವಾದ್ರೆ ಚೆನ್ನಾಗೇ ಇರುತ್ತೆ. ಇಷ್ಟು ದಿನ ಯಾಕೆ ಬೇಡ ಅಂತಿದ್ದೆ ಅಂತಾನೂ ಅನಿಸುತ್ತೆ. ಆದ್ರೆ ತಾನಾಗಿ ಬೇಕು ಅನ್ಸೋದೇ ಇಲ್ಲ."

ಆಸೆ ಮೊದಲು ಹುಟ್ಟಬೇಕು, ಉಳಿದದ್ದೆಲ್ಲ ಅದರ ಹಿಂದೆ ಬರಬೇಕು ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಸಂಶೋಧನೆಯೂ ಒಂದು ಕಾಲದಲ್ಲಿ ಹಾಗೇ ಹೇಳುತ್ತಿತ್ತು. ಅಮೆರಿಕದ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 382 ಮಹಿಳೆಯರನ್ನೂ 312 ಪುರುಷರನ್ನೂ ಪ್ರಯೋಗಾಲಯದಲ್ಲಿ ಗಮನಿಸಿ 1966ರಲ್ಲಿ ಲೈಂಗಿಕ ಸ್ಪಂದನದ ನಾಲ್ಕು ಹಂತಗಳನ್ನು ವಿವರಿಸಿದರು. ಅದರಲ್ಲಿ ಆಸೆಯ ಮಾತೇ ಇರಲಿಲ್ಲ. 1970ರ ದಶಕದಲ್ಲಿ ಲೈಂಗಿಕ ಚಿಕಿತ್ಸಕಿ ಹೆಲೆನ್ ಸಿಂಗರ್ ಕಪ್ಲಾನ್ ಆಸೆಯನ್ನು ಸೇರಿಸಿದರು, ಅದೂ ಮೊದಲ ಹಂತವಾಗಿ. 2000ದಲ್ಲಿ ರೋಸ್‌ಮರಿ ಬ್ಯಾಸನ್ ಎಂಬ ವೈದ್ಯೆ ಬೇರೆಯೇ ಚಿತ್ರ ಮುಂದಿಟ್ಟರು. ದೀರ್ಘ ಸಂಬಂಧದಲ್ಲಿರುವ ಅನೇಕ ಮಹಿಳೆಯರು ಹತ್ತಿರವಾಗಬೇಕು ಅನ್ನುವ ಮನಸ್ಸಿನಿಂದ ಶುರು ಮಾಡುತ್ತಾರೆ. ಮುಟ್ಟಿದಾಗ ದೇಹ ಸ್ಪಂದಿಸುತ್ತದೆ, ಆಸೆ ಆಮೇಲೆ ಬರುತ್ತದೆ. ಪುರುಷರಲ್ಲೂ ಇದು ಇರುತ್ತದೆ. ಹೀಗೆ ಹಿಂದಿನಿಂದ ಬರುವ ಆಸೆಯೂ ಪೂರ್ತಿ ಆಸೆಯೇ. ಇದನ್ನು ಹೇಳಿದಾಗ ಆಕೆ, "ಹಾಗಾದ್ರೆ ನಾನು ಸರಿಯಾಗೇ ಇದೀನಾ?" ಅಂದರು. ಹೌದು, ಸರಿಯಾಗೇ ಇದ್ದೀರಿ.

ಬ್ರಿಟನ್‌ನಲ್ಲಿ 2010ರಿಂದ 2012ರವರೆಗೆ ನಡೆದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲೈಂಗಿಕವಾಗಿ ಸಕ್ರಿಯರಾಗಿದ್ದ ಮಹಿಳೆಯರ ಪೈಕಿ ಶೇ. 34, ಪುರುಷರ ಪೈಕಿ ಶೇ. 15 ಮಂದಿ ಹಿಂದಿನ ವರ್ಷ ಮೂರು ತಿಂಗಳಾದರೂ ಆಸಕ್ತಿ ಇರಲಿಲ್ಲ ಅಂದಿದ್ದರು. ಮೂವರು ಮಹಿಳೆಯರಲ್ಲಿ ಒಬ್ಬರು! ಎಲ್ಲರಿಗೂ ಕಾಯಿಲೆ ಅನ್ನೋಕಾಗುತ್ತಾ?

ಎರಡನೇ ಭೇಟಿಗೆ ಗಂಡನೂ ಬಂದರು. ಅವತ್ತು ಹೊರಬಂದ ವಿಷಯ ನನಗೆ ತುಂಬ ಮುಖ್ಯ ಅನಿಸಿತು. ರಾತ್ರಿ ಮಗು ಮಲಗಿದ ಮೇಲೆ ಅವರು ಹೆಂಡತಿಯ ಭುಜದ ಮೇಲೆ ಕೈಯಿಡುತ್ತಾರೆ. ತಕ್ಷಣ ಆಕೆಯ ಮೈ ಬಿಗಿಯಾಗುತ್ತದೆ. ಏಕೆಂದರೆ ಆ ಕೈ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು. ಬರಬರುತ್ತಾ ಆಕೆ ಅಪ್ಪಿಕೊಳ್ಳುವುದನ್ನು ಬಿಟ್ಟರು, ಕೈಹಿಡಿದು ನಡೆಯುವುದನ್ನೂ ಬಿಟ್ಟರು. ಎಲ್ಲಿ ಅವರು ಅದನ್ನೇ ಸೂಚನೆ ಅಂದುಕೊಂಡುಬಿಡುತ್ತಾರೋ ಅನ್ನುವ ಆತಂಕ. ಅವರಿಗೋ, ಹೆಂಡತಿ ತನ್ನನ್ನು ಮುಟ್ಟುವುದೇ ಇಲ್ಲ ಅನ್ನುವ ನೋವು. "ನನಗೆ ಬರೀ ಅದೇ ಬೇಕಿರಲಿಲ್ಲ ಮೇಡಂ" ಅಂದಾಗ ಅವರ ದನಿ ನಡುಗಿತು.

ಲೈಂಗಿಕತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸಿ ಸಂಸ್ಥೆಯಲ್ಲಿದ್ದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸನ್ ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಮಿದುಳಿನಲ್ಲಿ ಕೆರಳಿಸುವ ವ್ಯವಸ್ಥೆ ಒಂದು, ತಡೆಯುವ ವ್ಯವಸ್ಥೆ ಇನ್ನೊಂದು. ಆಕ್ಸಿಲರೇಟರ್ ಮತ್ತು ಬ್ರೇಕ್ ಇದ್ದ ಹಾಗೆ. ಸುಸ್ತು, ನಿದ್ದೆಗೇಡು, ಮಗು ಎದ್ದೀತು ಅನ್ನುವ ದಿಗಿಲು, ಈಗ ಒಪ್ಪದಿದ್ದರೆ ಅವರಿಗೆ ಬೇಜಾರಾಗುತ್ತೆ ಅನ್ನುವ ಚಿಂತೆ, ಇವೆಲ್ಲ ಬ್ರೇಕ್. ಅದನ್ನು ತುಳಿದುಕೊಂಡೇ ಮಾತ್ರೆ ನುಂಗಿ ಏನು ಪ್ರಯೋಜನ?

ಆ ಮಾತ್ರೆಯಲ್ಲಿ ಏನಿದೆ ಅಂತ ಖಚಿತವಾಗಿ ಹೇಳಲಾಗದ ಕಾರಣ ಮೊದಲು ಅದನ್ನು ನಿಲ್ಲಿಸಲು ಹೇಳಿದೆ. ಆಮೇಲೆ ಕೆಲವು ವಾರ ಕೂಡುವುದೇ ಬೇಡ ಅಂದೆ. ಗಂಡ ಗಾಬರಿಯಾದರು! ಇದು ಮಾಸ್ಟರ್ಸ್-ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ, ಇಂದಿಗೂ ಬಳಕೆಯಲ್ಲಿದೆ. ಒಬ್ಬರು ಮುಟ್ಟಬೇಕು, ಇನ್ನೊಬ್ಬರು ಸುಮ್ನೆ ಗಮನಿಸಬೇಕು, ಆಮೇಲೆ ಅದಲುಬದಲು. ಸ್ತನ, ಜನನಾಂಗ ಸದ್ಯಕ್ಕೆ ಬೇಡ. ಖುಷಿಪಡಿಸುವ ಹೊಣೆ ಯಾರಿಗೂ ಇಲ್ಲ. ಚರ್ಮದ ಬಿಸಿ, ನುಣುಪು, ಒತ್ತಡ ಇಷ್ಟರ ಮೇಲೆ ಗಮನ. ಹಿತವಾಗದಿದ್ದರೆ ಬಾಯಿಬಿಟ್ಟು ಹೇಳಬೇಕು. ರಾತ್ರಿ ಮಗು ಎದ್ದರೆ ನೋಡಿಕೊಳ್ಳುವ ಸರದಿಯನ್ನೂ ಹಂಚಿಕೊಳ್ಳಲು ಹೇಳಿದೆ. ನನ್ನ ಪ್ರಕಾರ ಅಭ್ಯಾಸದಷ್ಟೇ ಇದೂ ಕೆಲಸ ಮಾಡಿತು.

ಗಂಡನಿಗೆ ಒಂದು ಮಾತು ಒತ್ತಿ ಹೇಳಿದೆ. ಆಸೆ ಆಮೇಲೆ ಬರುತ್ತೆ ಅಂದಮಾತ್ರಕ್ಕೆ, "ಶುರು ಮಾಡೋಣ, ನಿನಗೂ ಬರುತ್ತೆ" ಅಂತ ಒತ್ತಾಯಿಸುವ ಹಾಗಿಲ್ಲ. ಆಸೆ ತಡವಾಗಿ ಬರಬಹುದು, ಒಪ್ಪಿಗೆ ಮಾತ್ರ ಮೊದಲೇ ಇರಬೇಕು. ನಡುವೆ ಬೇಡ ಅನಿಸಿದರೆ ಅಲ್ಲಿಗೇ ನಿಲ್ಲಬೇಕು, ಮುಖ ಸಿಂಡರಿಸಬಾರದು. ಬ್ಯಾಸನ್ ಮಾದರಿಯನ್ನು ಹೀಗೆ ಹೆಂಡತಿಯ ಮೇಲೆ ತಿರುಗಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟದವರೂ, ತೀರಾ ಕಮ್ಮಿ ಹುಟ್ಟುವವರೂ ಇದ್ದಾರೆ, ಅಲೈಂಗಿಕರು. ಅವರಿಗೆ ಈ ಅಭ್ಯಾಸ ಚಿಕಿತ್ಸೆಯಲ್ಲ, ಅವರಿಗೆ ಚಿಕಿತ್ಸೆಯ ಅಗತ್ಯವೂ ಇಲ್ಲ.

ಕೆಲವು ತಿಂಗಳ ನಂತರ ಇಬ್ಬರೂ ಮತ್ತೆ ಬಂದರು. ಗಂಡನಿಗೆ ಈಗಲೂ ಆಸೆ ಜಾಸ್ತಿ, ಆಕೆಗೆ ಕಮ್ಮಿ. ಅದು ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಆದರೆ ಅಪ್ಪುಗೆ ಬರೀ ಅಪ್ಪುಗೆಯಾಗಿಯೇ ಮುಗಿಯಬಹುದು ಅಂತ ಇಬ್ಬರಿಗೂ ಗೊತ್ತಾಗಿದೆ, ಹಾಗಾಗಿ ಆಕೆಯೇ ಹೋಗಿ ಅಪ್ಪಿಕೊಳ್ಳುತ್ತಾರಂತೆ. ಅಭ್ಯಾಸದ ಮುಂದಿನ ಹಂತವನ್ನು ಅವರೇ ನಿರ್ಧರಿಸಲಿ ಅಂತ ಬಿಟ್ಟಿದ್ದೇನೆ.