ಮೊದಲ ಸಂಬಳ ನೋಡಿ ಕೋರ್ಸ್ ಆರಿಸಬಹುದಾ?

ಪ್ರಶ್ನೆ: ಮೇಡಂ, ತಂಗಿಗೆ ಹಿಸ್ಟರಿ ಓದೋ ಆಸೆ, ಮನೇಲಿ ಎಲ್ರೂ ಕಂಪ್ಯೂಟರ್ ಸೈನ್ಸೇ ತಗೋ, ಸ್ಟಾರ್ಟಿಂಗಲ್ಲೇ ಒಳ್ಳೆ ಸಂಬಳ ಅಂತಿದಾರೆ. ನಿಜಾನಾ?

ಉತ್ತರ: ಸ್ಟಾರ್ಟಿಂಗ್ ಮಟ್ಟಿಗೆ ನಿಜಾನೇ. ಕಂಪ್ಯೂಟರ್, ಇಂಜಿನಿಯರಿಂಗ್ ಓದಿದೋರಿಗೆ ಸಾಮಾನ್ಯವಾಗಿ ಮೊದಲ ಸಂಬಳ ಜಾಸ್ತಿ, ಹಿಸ್ಟರಿ ಸಾಹಿತ್ಯದೋರಿಗೆ ಕಮ್ಮಿ. ಆದ್ರೆ ಕಾಲೇಜಿನೋರು ಹೇಳೋ "ಸರಾಸರಿ" ಇದ್ಯಲ್ಲ, ಅದನ್ನ ಕಣ್ಮುಚ್ಚಿ ನಂಬ್ಬೇಡಿ ಮಾರಾಯ್ರೆ. ಹತ್ತು ಜನದಲ್ಲಿ ಒಂಬತ್ತು ಜನಕ್ಕೆ ತಿಂಗಳಿಗೆ 30 ಸಾವಿರ, ಒಬ್ಬನಿಗೆ ಮಾತ್ರ 3 ಲಕ್ಷ ಅಂದ್ಕೊಳ್ಳಿ, ಸರಾಸರಿ 57 ಸಾವಿರ ಆಗ್ಬಿಡತ್ತೆ, ಆದ್ರೆ ಅಷ್ಟು ಸಂಬಳ ಅಲ್ಲಿ ಒಬ್ಬರಿಗೂ ಇಲ್ಲ! ಅದಕ್ಕೇ ಮೀಡಿಯನ್, ಅಂದ್ರೆ ಎಲ್ರ ಸಂಬಳಾನೂ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿದ್ರೆ ಸರಿ ಮಧ್ಯದಲ್ಲಿ ಬರೋದು, ಎಷ್ಟು ಅಂತ ಕೇಳಿ, ಎಷ್ಟು ಜನಕ್ಕೆ ಕೆಲಸಾನೇ ಸಿಗ್ಲಿಲ್ಲ ಅಂತಾನೂ ಕೇಳಿ, ಯಾಕಂದ್ರೆ ಅವ್ರನ್ನ ಈ ಲೆಕ್ಕಕ್ಕೆ ಸೇರಿಸೋದೇ ಇಲ್ಲ ಎಷ್ಟೋ ಕಡೆ. ಜಾಯಿನಿಂಗ್ ಬೋನಸ್ಸೂ ಸೇರ್ಸಿ ಪ್ಯಾಕೇಜ್ ಉಬ್ಬಿಸಿರ್ತಾರೆ, ಅದು ಒಂದೇ ಸಲ ಬರೋ ದುಡ್ಡು.

ಇನ್ನೊಂದು, ಟೆಕ್ ಕೆಲಸದಲ್ಲಿ ಕಲಿತಿದ್ದು ಬೇಗ ಹಳೇದಾಗತ್ತೆ, ಹಾಗಾಗಿ ಶುರುವಲ್ಲಿದ್ದ ಅಂತರ ವರ್ಷ ಕಳೆದಂಗೆ ಸ್ವಲ್ಪ ಕಮ್ಮಿ ಆಗತ್ತೆ, ಪೂರ್ತಿ ಹೋಗತ್ತೆ ಅಂತ ಹೇಳಲ್ಲ. ತಂಗಿ ಹಿಸ್ಟರಿನೇ ತಗೊಳ್ಲಿ, ಜೊತೆಗೆ ಸ್ಟಾಟಿಸ್ಟಿಕ್ಸೋ ಡೇಟಾ ಕೆಲಸಾನೋ ಕಲೀಲಿ, ಓದೋವಾಗ್ಲೇ ಒಂದು ಇಂಟರ್ನ್‌ಶಿಪ್ ಮಾಡ್ಲಿ.